ಡ್ರಾಯರಿನಲ್ಲಿಟ್ಟ ಸ್ಲೈಡು

ಮಾರ್ಚ್ 3, ಸೋಮವಾರ

ಅತ್ತೆಯವರು ಇವತ್ತು ಒಂದೇ ಚಪ್ಪಲಿಯಲ್ಲಿ ಅಂಚೆ ಕಚೇರಿಯವರೆಗೆ ಹೋಗಿಬಂದರು. ಇನ್ನೊಂದು ನಮ್ಮ ಮೆಟ್ಟಿಲ ಮೇಲೇ ಉಳಿದಿತ್ತು. ನಾನು ಕೆಲಸದಿಂದ ಬರುವುದನ್ನೇ ಕಾಯುತ್ತಿದ್ದವಳ ಹಾಗೆ ಕೆಳಗಿನ ಮನೆಯಾಕೆ ಅದನ್ನು ತಂದು ಕೈಗೆ ಕೊಟ್ಟು, "ಪಾಪ" ಅಂದಳು. ಪಾಪ ಅಂದದ್ದು ಅವರಿಗೋ ನನಗೋ ತಿಳಿಯಲಿಲ್ಲ.

"ಅತ್ತೆ, ಕಾಲಿಗೆ ಕಲ್ಲು ಚುಚ್ಚಲಿಲ್ವಾ?"

"ಯಾವ ಕಲ್ಲು?"

ಅಂಗಾಲು ತಿರುಗಿಸಿ ನೋಡಿದರೆ ಹೆಬ್ಬೆರಳ ಬುಡ ಕೊಯ್ದುಕೊಂಡಿದೆ. ರಕ್ತ ಒಣಗಿ ಕಪ್ಪಾಗಿತ್ತು. ತೊಳೆದು ಪಟ್ಟಿ ಹಾಕುವಾಗಲೂ ಹಾ ಅನ್ನಲಿಲ್ಲ. ಟಿವಿ ನೋಡುತ್ತಲೇ ಇದ್ದರು.

ಹೋದ ವಾರ ಒಲೆ ಆರಿಸದೆ ಮಲಗಿದ್ದರು. ಅದಕ್ಕೂ ಮುಂಚೆ ಔಷಧದಂಗಡಿಯಲ್ಲಿ ನಿಂತು, ಬೇಗ ಕೊಡಪ್ಪಾ, ನಮ್ಮವರು ಊಟಕ್ಕೆ ಬರೋ ಹೊತ್ತಾಯ್ತು ಅಂದಿದ್ದರಂತೆ. ಮಾವ ತೀರಿಕೊಂಡು ಒಂಬತ್ತು ವರ್ಷ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೆರಳಚ್ಚು ಮಾಡಿದ ಹೆಂಗಸು, ನ್ಯಾಯಾಧೀಶರ ವ್ಯಾಕರಣ ತಿದ್ದುತ್ತಿದ್ದೆ ಎಂದು ಈಗಲೂ ಹೇಳಿಕೊಳ್ಳುವವರು, ನಿನ್ನೆ ನನ್ನ ಹೆಸರಿಗೆ ತಡಕಾಡಿದರು.

ಇದು ತಲೆಯದೇ ಕಾಯಿಲೆ. ರಕ್ತದ್ದಲ್ಲ ಎಂದು ನನಗೆ ಖಾತ್ರಿ ಇದೆ, ಏಕೆಂದರೆ ರಕ್ತವನ್ನು ಸರಿಮಾಡಿದವಳು ನಾನೇ. ಹದಿನಾಲ್ಕು ತಿಂಗಳ ಹಿಂದೆ ಮುಖ ಬಿಳಿಚಿಕೊಂಡಾಗ ನಾನೇ ರಕ್ತ ತೆಗೆದು ನೋಡಿದ್ದೆ. ಹಿಮೋಗ್ಲೋಬಿನ್ ಒಂಬತ್ತು, ಕೆಂಪು ಕಣಗಳು ಊದಿದ್ದವು. ಸೊಪ್ಪು ಹಣ್ಣು ಮುಟ್ಟದವರಿಗೆ ಫೋಲಿಕ್ ಆಸಿಡ್ ಕೊರತೆಯಲ್ಲದೆ ಇನ್ನೇನು ಎಂದು ಮಾತ್ರೆ ತಂದುಕೊಟ್ಟೆ. ಎರಡು ತಿಂಗಳಲ್ಲಿ ಕೆನ್ನೆಗೆ ಬಣ್ಣ ಬಂತು. ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಇಪ್ಪತ್ತೆರಡು ವರ್ಷ ಊರವರ ರಕ್ತ ನೋಡಿದ್ದಕ್ಕೆ ಮನೆಯಲ್ಲೂ ಒಂದು ಉಪಯೋಗವಾಯಿತಲ್ಲ ಎಂದು.

ಮಾರ್ಚ್ 6, ಗುರುವಾರ

ಇವರ ಫೋನ್ ಬಂತು. ಇವರು ಕೆಲಸಕ್ಕಿರುವ ಹಡಗು ಯಾವುದೋ ಬಂದರಿನಲ್ಲಿ ಎರಡು ದಿನ ನಿಂತಿದೆಯಂತೆ. ಮನೆಗೆ ಬರಲು ಇನ್ನೂ ನಾಲ್ಕು ತಿಂಗಳು.

ಆರೈಕೆ ಮನೆಯ ವಿಷಯ ತೆಗೆದೆ. ಮರೆವಿನ ಹಿರಿಯರನ್ನು ನೋಡಿಕೊಳ್ಳುವ ಜಾಗ, ನಮ್ಮ ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರ. ಅಲ್ಲಿ ಒಂದು ಹಾಸಿಗೆ ಇಪ್ಪತ್ತನೇ ತಾರೀಖು ಖಾಲಿಯಾಗುತ್ತದೆ.

"ಅಮ್ಮನ್ನ ಅಲ್ಲಿ ಬಿಡ್ಬೇಕಾ?" ಅಂದರು.

"ನಾನು ಹತ್ತು ಗಂಟೆ ಮನೇಲಿರಲ್ಲ ರೀ. ಒಲೆ ಹೊತ್ತಿಸಿ ಬೆಂಕಿ ಹಚ್ಕೊಂಡ್ರೆ? ಆಗ ನನ್ನನ್ನೇ ಅಂತೀರಿ."

ಆಮೇಲೆ, "ನೀನು ದಿನಾ ನೋಡೋಳು. ನಿನಗೆ ಸರಿ ಕಂಡ ಹಾಗೆ ಮಾಡು" ಅಂದರು.

ಅರ್ಜಿ ತುಂಬಿದೆ. ತುಂಬಿದ ಮೇಲೆ ಎಷ್ಟೋ ದಿನದಿಂದ ಬಾರದ ನಿದ್ದೆ ಬಂತು. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವಂತಿಲ್ಲ.

ಮಾರ್ಚ್ 10, ಸೋಮವಾರ

ಆರೈಕೆ ಮನೆಯವರಿಗೆ ಆರೋಗ್ಯ ಪತ್ರ ಬೇಕು, ಅದಕ್ಕೆ ರಕ್ತ ಪರೀಕ್ಷೆ ಬೇಕು. ಸಂಜೆ ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದೆ.

"ಬೆಳಗಿಂದ ಊರವರ ರಕ್ತ ಹೀರಿದ್ದು ಸಾಲದಾ? ಮನೆಗೆ ಬಂದು ನನ್ನದೂ ಹೀರ್ಬೇಕಾ?"

ಇಂಥ ಮಾತು ಬಂದಾಗ ಮರೆವೆಲ್ಲ ನಾಟಕವೇನೋ ಅನ್ನಿಸುತ್ತದೆ. ಆದರೆ ಸೂಜಿ ತೆಗೆದ ಮರುಕ್ಷಣವೇ, "ಯಾಕೆ ತೆಗೆದೆ? ನನಗೇನಾಗಿದೆ?" ಅಂತ ಮೂರು ಸಲ ಕೇಳಿದರು. ಮೂರನೆಯ ಸಲ ನಾನು ರೇಗಿದೆ. ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ಈಚೆಗೆ ಕಾಲು ಅಗಲಿಸಿ, ಓಲಾಡುವ ಹಡಗಿನ ಮೇಲೆ ನಡೆದ ಹಾಗೆ ನಡೆಯುತ್ತಾರೆ.

ಮಾರ್ಚ್ 11, ಮಂಗಳವಾರ

ಬರೆಯಲೋ ಬೇಡವೋ ಎಂದು ಎರಡು ಸಲ ಪುಸ್ತಕ ಮುಚ್ಚಿದೆ.

ಬೆಳಿಗ್ಗೆ ಅತ್ತೆಯ ರಕ್ತವನ್ನು ಯಂತ್ರಕ್ಕೆ ಹಾಕಿದೆ. ಹಿಮೋಗ್ಲೋಬಿನ್ ಹನ್ನೊಂದೂವರೆ. ಕೆಂಪು ಕಣಗಳ ಗಾತ್ರ ಇರಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದು. ಯಂತ್ರ ಎಚ್ಚರಿಕೆಯ ಗುರುತು ಹಾಕಲಿಲ್ಲ. ಅಂಥ ರಕ್ತವನ್ನು ಯಾರೂ ಸೂಕ್ಷ್ಮದರ್ಶಕದಲ್ಲಿ ನೋಡುವುದಿಲ್ಲ, ವರದಿ ನೇರ ಹೋಗುತ್ತದೆ. ನಾನು ಯಾಕೆ ನೋಡಿದೆನೋ. ಕೈಗೆ ಅಭ್ಯಾಸ. ಒಂದು ಹನಿಯನ್ನು ಗಾಜಿನ ಮೇಲೆ ಎಳೆದೆ, ಬಣ್ಣ ಹಾಕಿದೆ, ಒಣಗಿಸಿದೆ, ಸ್ಲೈಡಿನ ತುದಿಗೆ ಪೆನ್ಸಿಲಿನಲ್ಲಿ ಸಂಖ್ಯೆ, ತಾರೀಖು ಬರೆದೆ.

ಆರೋಗ್ಯವಂತರ ಬಿಳಿ ಕಣದ ನಡುವೆ ನೇರಳೆ ಬಣ್ಣದ ಮೂರೋ ನಾಲ್ಕೋ ಗಂಟುಗಳು ದಾರದಲ್ಲಿ ಪೋಣಿಸಿದ ಹಾಗಿರುತ್ತವೆ. ಇಲ್ಲಿ ಮೊದಲು ಕಂಡದ್ದರಲ್ಲಿ ಐದು. ಇರಲಿ ಎಂದುಕೊಂಡೆ. ಸ್ವಲ್ಪ ಸರಿಸಿದೆ. ಆರು. ಇನ್ನೂ ಸರಿಸಿದೆ. ಮತ್ತೆ ಆರು, ಒಂದರಲ್ಲಿ ಏಳು. ಕೆಂಪು ಕಣಗಳಲ್ಲಿ ಕೆಲವು ಮೊಟ್ಟೆಯ ಆಕಾರಕ್ಕೆ ಉಬ್ಬಿದ್ದವು. ಫೋಲಿಕ್ ಆಸಿಡ್ ಇಲ್ಲವೇ ಬಿ-12 ಕಡಿಮೆಯಾದಾಗ ಕಾಣುವ ಗುರುತುಗಳು.

ಫೋಲಿಕ್ ಆಸಿಡ್ ಹದಿನಾಲ್ಕು ತಿಂಗಳು ಹೊಟ್ಟೆಗೆ ಹೋಗಿದೆ. ಇನ್ನೂ ಇವು ಇವೆ ಎಂದರೆ ಕೊರತೆ ಅದರದ್ದಲ್ಲ. ಬಿ-12ರದ್ದು. ಮೊದಲಿನಿಂದಲೂ ಅದೇ ಇದ್ದಿರಬೇಕು.

ಇದು ಓದುವಾಗಲೇ ಕಲಿಸಿದ ಪಾಠ. ನಾನೇ ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ಬಿ-12 ಇಲ್ಲದವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಿದ ಹಾಗೆ ಕಾಣುತ್ತದೆ, ಒಳಗೆ ನರಗಳು ಸವೆಯುತ್ತ ಹೋಗುತ್ತವೆ. ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮರೆವು ಬರುತ್ತದೆ.

ಚಪ್ಪಲಿ ಜಾರಿದ್ದು ಕಾಲಿಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಮನೆಯವರ ಸ್ಲೈಡನ್ನು ನಾವೇ ನೋಡಬಾರದು, ಇನ್ನೊಬ್ಬರಿಗೆ ಕೊಡಬೇಕು ಎಂಬ ನಿಯಮವಿದೆ. ಕೊಡಲಿಲ್ಲ. ಹತ್ತಿ ಸುತ್ತಿ ನನ್ನ ಡ್ರಾಯರಿನಲ್ಲಿಟ್ಟೆ. ಯಂತ್ರದ ವರದಿ ಮಾತ್ರ ಆರೈಕೆ ಮನೆಗೆ ಹೋಯಿತು.

ಮಾರ್ಚ್ 12, ಬುಧವಾರ

ನಮ್ಮ ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಅನ್ನುವ ಡಾಕ್ಟರು, ರಜೆಯ ಮೇಲಿದ್ದರು. ನಾಳೆ ಹೇಳುತ್ತೇನೆ.

ಮಾರ್ಚ್ 14, ಶುಕ್ರವಾರ

ಮೇಡಂ ಬಂದಿದ್ದರು. ಎರಡು ಸಲ ಅವರ ಬಾಗಿಲವರೆಗೆ ಹೋದೆ. ಹೇಳಿದರೆ ಮೊದಲ ಪ್ರಶ್ನೆ, ಫೋಲಿಕ್ ಆಸಿಡ್ ಯಾರು ಬರೆದುಕೊಟ್ಟರು ಎಂಬುದೇ.

ಮೂರೋ ನಾಲ್ಕೋ ಕಣ ನೋಡಿ ತೀರ್ಮಾನಕ್ಕೆ ಬರಬಾರದು ಎಂದೂ ಅನ್ನಿಸುತ್ತದೆ. ಅವರಿಗೆ ಎಪ್ಪತ್ತೊಂದು. ಆ ವಯಸ್ಸಿಗೆ ಮರೆವು ಬಾರದೇ ಇರುತ್ತದೆಯೇ? ಆರೈಕೆ ಮನೆಯಲ್ಲಿ ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ. ಏನಾದರೂ ಇದ್ದರೆ ಅವರೇ ಕಂಡುಹಿಡಿಯುತ್ತಾರೆ. ಇಷ್ಟು ದಿನ ಆಗಿದ್ದಕ್ಕೆ ಇನ್ನೊಂದು ವಾರ ಹೆಚ್ಚಲ್ಲ.

ಪೆಟ್ಟಿಗೆಗೆ ಅವರ ಬಟ್ಟೆ ಜೋಡಿಸಿದೆ. ಸ್ವೆಟರ್ ಎರಡು, ಟವೆಲ್ ನಾಲ್ಕು. ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಎಲ್ಲಿಗೆ ಹೊರಟೆ?" ಅಂದರು.

"ಎಲ್ಲಿಗೂ ಇಲ್ಲ ಅತ್ತೆ."

"ಬೇಗ ಬಾ. ನನಗೆ ಒಬ್ಬಳೇ ಇರೋಕೆ ಭಯ."

ಇಷ್ಟು ವರ್ಷದಲ್ಲಿ ಭಯ ಎಂಬ ಪದ ಅವರ ಬಾಯಿಂದ ಕೇಳಿದ್ದು ಇದೇ ಮೊದಲು.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಅತ್ತೆಯ ಹಳೇ ಟೈಪ್‌ರೈಟರಿನ ಸದ್ದು ಕೇಳಿ ಸಂತೋಷವಾಯಿತು. ಕೆಳಗಿನ ಮನೆಯಾಕೆಗೆ ನೀರಿನ ಕೊಳಾಯಿ ಬಗ್ಗೆ ಒಂದು ದೂರು ಬರೆದುಕೊಡುತ್ತಿದ್ದರು. ಹೋಗಿ ನೋಡಿದರೆ ಹಾಳೆಯ ತುಂಬ ಅರ್ಥವಿಲ್ಲದ ಅಕ್ಷರಗಳು. ಕೀಲಿ ನೋಡದೆ ಹೊಡೆಯುವವರು ಈಗ ಬಗ್ಗಿ, ಒಂದೊಂದೇ ಕೀಲಿಯನ್ನು ಕಣ್ಣಿಂದ ಹುಡುಕುತ್ತಿದ್ದರು.

"ಬೆರಳಿಗೆ ಕೈಗವಸು ಹಾಕ್ದಂಗಾಗಿದೆ ಕಣೇ. ಎಲ್ಲಿ ಒತ್ತಿದೀನಿ ಅಂತ ಗೊತ್ತಾಗ್ತಿಲ್ಲ."

"ಯಾವಾಗಿಂದ?"

"ಆಗಲೇ ಹೇಳಿದ್ನಲ್ಲ ನಿನಗೆ. ಹೋದ ವರ್ಷವೇ."

ಹೇಳಿದ್ದರು. ಕೈ ಜುಂ ಅನ್ನುತ್ತೆ ಅಂದಿದ್ದರು. ಟೈಪ್ ಮಾಡೋದು ಕಡಿಮೆ ಮಾಡಿ ಅಂದಿದ್ದೆ ನಾನು.

ಅದಾಗಿ ಅರ್ಧ ಗಂಟೆಗೆ ಬಚ್ಚಲಿನಲ್ಲಿ ದಡ್ ಎಂದು ಸದ್ದಾಯಿತು. ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಾರೆ, ಅಲ್ಲೇ ಹಿಂದಕ್ಕೆ ಬಿದ್ದಿದ್ದಾರೆ. ಕಣ್ಣು ತೆರೆದಿರುವಾಗ ನೆಲ ನೋಡಿ ನಿಲ್ಲುತ್ತಿದ್ದರು. ಮುಚ್ಚಿದರೆ ಪಾದ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಅದಕ್ಕೆ ಪುಸ್ತಕದಲ್ಲಿ ಒಂದು ಹೆಸರಿದೆ. ಆ ಹೆಸರು ತಲೆಯಲ್ಲಿ ಬರುತ್ತಿತ್ತು, ಕೈ ಅವರ ಕೆನ್ನೆಯ ಸೋಪು ಒರೆಸುತ್ತಿತ್ತು. ಮೂಳೆ ಮುರಿದಿಲ್ಲ. ಹಿಂದಲೆ ಊದಿದೆ. ಎಬ್ಬಿಸಿ ಕೂರಿಸಿದಾಗ ನನ್ನ ತೋಳು ಬಿಡಲಿಲ್ಲ.

"ನನಗೇನೋ ಆಗ್ತಿದೆ. ನೀನು ಆಸ್ಪತ್ರೆಯವಳಲ್ವಾ, ನೋಡಿ ಹೇಳೇ" ಅಂದರು.

ನಾಲಿಗೆ ಚಾಚಿ ಅಂದೆ. ನುಣುಪಾಗಿ, ಕೆಂಪಗೆ, ಹಸಿ ಮಾಂಸದ ಹಾಗಿತ್ತು. ಖಾರ ಆಗಲ್ಲ ಎಂದು ತಟ್ಟೆ ತಳ್ಳುತ್ತಿದ್ದುದನ್ನು ನಾನು ಹಟ ಎಂದುಕೊಂಡಿದ್ದೆ.

ಮಾರ್ಚ್ 17, ಸೋಮವಾರ

ಎಂಟು ಗಂಟೆಗೆ ದೊಡ್ಡ ಮೇಡಂ ಮೇಜಿನ ಮೇಲೆ ಸ್ಲೈಡು ಇಟ್ಟೆ. ವಾರ್ಡಿನ ಡಾಕ್ಟರೂ ಅಲ್ಲೇ ಇದ್ದರು. ಮಾತ್ರೆಯ ವಿಷಯ ಹೇಳಿದೆ. ಯಾವಾಗ ನೋಡಿದ್ದು ಎಂದು ಡಾಕ್ಟರು ಕೇಳಿದಾಗ ಬಾಯಿ ತಾನಾಗಿ "ಈಗಷ್ಟೇ" ಅಂದಿತು.

ಮೇಡಂ ಸೂಕ್ಷ್ಮದರ್ಶಕಕ್ಕೆ ಸ್ಲೈಡು ಹಾಕುವ ಮುಂಚೆ ಅದರ ತುದಿಯನ್ನು ನೋಡಿದರು. ನನ್ನದೇ ಅಕ್ಷರ. ತಾರೀಖು ಹನ್ನೊಂದು. ಡಾಕ್ಟರು ಹೊರಗೆ ಹೋಗುವವರೆಗೆ ಕಾದರು.

"ಆರು ದಿನ ಇದನ್ನ ಇಟ್ಕೊಂಡು ಕೂತಿದ್ಯಾ?"

"ಹೌದು ಮೇಡಂ."

"ಮಾತ್ರೆ ಕೊಟ್ಟಿದ್ದು ತಪ್ಪು. ಗೊತ್ತಿಲ್ಲದೆ ಆಯ್ತು ಅನ್ನೋಣ. ಇದಕ್ಕೇನು ಹೇಳ್ತೀಯ?"

ಇನ್ನು ಒಂದೂವರೆ ತಿಂಗಳು ಸ್ಲೈಡು ನೋಡುವ ಕೆಲಸ ನನಗಿಲ್ಲ. ಮಾದರಿ ಪಡೆದು ಸಂಖ್ಯೆ ಅಂಟಿಸುವ ಕಿಟಕಿಗೆ ಹೋಗಬೇಕು. ಜೊತೆಗೆ ಒಂದು ಲಿಖಿತ ಎಚ್ಚರಿಕೆ. ನನಗಿಂತ ಹತ್ತು ವರ್ಷ ಚಿಕ್ಕವರು ಮೇಡಂ. ಅವರು ಸೇರಿದ ಹೊಸತರಲ್ಲಿ ಬಣ್ಣ ಹಾಕುವುದನ್ನು ತೋರಿಸಿಕೊಟ್ಟವಳು ನಾನು.

ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಹೋದೆ. ವಾರ್ಡಿನ ಡಾಕ್ಟರು ಶ್ರುತಿಕವಲೆಂಬ ಎರಡು ಕವಲಿನ ಲೋಹದ ಕಡ್ಡಿಯನ್ನು ಮೇಜಿಗೆ ತಟ್ಟಿ, ಅದು ಗುಂಯ್ ಅನ್ನುತ್ತಿರುವಾಗಲೇ ಕಾಲಿಗೆ ಒತ್ತಿದರು. ಹೆಬ್ಬೆರಳು, ಕಣಕಾಲು. ಏನೂ ಗೊತ್ತಾಗ್ತಿಲ್ಲ ಅಂದರು ಅತ್ತೆ. ಮೊಣಕಾಲಿಗೆ ಬಂದಾಗ, "ಹ್ಞಾ, ಇಲ್ಲಿ ಏನೋ ಜೇನು ಕೂತ ಹಾಗಿದೆ" ಅಂದರು. ಡಾಕ್ಟರು ನಕ್ಕರು. ನನಗೆ ಮೊಣಕಾಲಿನಿಂದ ಕೆಳಗೆ ಸ್ಪರ್ಶ ಸತ್ತ ಅಷ್ಟೂ ಉದ್ದ ಕಾಣಿಸುತ್ತಿತ್ತು.

ಮಾರ್ಚ್ 18, ಮಂಗಳವಾರ

ಬಿ-12 ಎಂಬತ್ತೆರಡು. ಇನ್ನೂರರ ಮೇಲಿರಬೇಕು. ಊಟದ ಕೊರತೆಯಲ್ಲ. ಅವರ ಹೊಟ್ಟೆಗೇ ಅದನ್ನು ಹೀರಿಕೊಳ್ಳುವ ಶಕ್ತಿ ಹೋಗಿದೆಯಂತೆ. ಬದುಕಿರುವವರೆಗೂ ಇಂಜೆಕ್ಷನ್. ಮೊದಲ ಮೂರು ವಾರ ದಿನ ಬಿಟ್ಟು ದಿನ, ಆಮೇಲೆ ತಿಂಗಳಿಗೊಂದು. ಮೊದಲನೆಯದು ಕೊಟ್ಟಾಯಿತು.

"ಮರೆವು ಹೋಗುತ್ತಾ ಡಾಕ್ಟ್ರೇ?"

"ಬಹಳ ಮಟ್ಟಿಗೆ ಹೋಗ್ಬಹುದು. ಕಾಲಿನದು ಹೇಳೋಕಾಗಲ್ಲ. ಎಷ್ಟು ದಿನದಿಂದ ಇತ್ತು ಅನ್ನೋದರ ಮೇಲಿದೆ."

ಮಾರ್ಚ್ 20, ಗುರುವಾರ

ಆರೈಕೆ ಮನೆಗೆ ಫೋನ್ ಮಾಡಿದೆ. ಬೇಡ ಎಂದು ಹೇಳಲಿಲ್ಲ. ಸ್ವಲ್ಪ ಮುಂದಕ್ಕೆ ಹಾಕಿ ಅಂದೆ. ಆಗಲ್ಲ, ಹಾಸಿಗೆ ಬೇರೆಯವರಿಗೆ ಕೊಡ್ತೀವಿ ಅಂದರು.

ಮಾರ್ಚ್ 29, ಶನಿವಾರ

ಅತ್ತೆಯ ರಕ್ತದಲ್ಲಿ ಹೊಸ ಕೆಂಪು ಕಣಗಳು ಹೊರಬರುತ್ತಿವೆ, ನಿನ್ನೆಯ ಎಣಿಕೆಯಲ್ಲಿ ಇದೆ. ನಾನು ನೋಡಲಿಲ್ಲ, ಲ್ಯಾಬಿನವರು ಕಿಟಕಿಗೆ ಬಂದು ಹೇಳಿದರು.

ಕಿಟಕಿಯ ಕೆಲಸ ಬೇಸರ ಎಂದುಕೊಂಡಿದ್ದೆ. ಇವತ್ತು ಒಬ್ಬ ಬಡಗಿ ರಕ್ತದ ಸೀಸೆ ಕೊಡುವಾಗ ಕೈಮೇಲೆಲ್ಲ ನೀಲಿ ಕಲೆ. ಎಲ್ಲಾದರೂ ಬಡಿದುಕೊಂಡಿರಾ ಎಂದೆ. ಇಲ್ಲ, ತಾನಾಗೇ ಬರ್ತವೆ, ಯಾರೂ ಕೇಳಲಿಲ್ಲ ಅಂದ. ಒಸಡಲ್ಲಿ ರಕ್ತ? ಬರುತ್ತೆ ಅಂದ. ಚೀಟಿಯ ಮೇಲೆ ಅದನ್ನೆಲ್ಲ ಬರೆದು, ಮೊದಲು ಇದನ್ನು ನೋಡಿ ಎಂದು ಒಳಗೆ ಕಳಿಸಿದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಎಂಟು ಸಾವಿರಕ್ಕೆ ಇಳಿದಿದ್ದವು, ಒಂದೂವರೆ ಲಕ್ಷ ಇರಬೇಕಾದಲ್ಲಿ. ಸಂಜೆಯೊಳಗೆ ಅವನನ್ನು ವಾರ್ಡಿಗೆ ಸೇರಿಸಿಕೊಂಡರು.

ಮನೆಗೆ ಬರುವಾಗ ಹಣ್ಣು ತಂದೆ. ಅತ್ತೆ ಎರಡು ತಿಂದರು, ನಾಲಿಗೆ ಉರಿ ಕಡಿಮೆಯಂತೆ. "ಇದು ಹುಳಿ. ನಿನಗೆ ಹಣ್ಣು ಆರಿಸೋಕೆ ಯಾರೂ ಕಲಿಸಲಿಲ್ಲ" ಅಂದರು. ಅದನ್ನು ಕೇಳಿ ಹಗುರವಾಯಿತು.

ಏಪ್ರಿಲ್ 13, ಭಾನುವಾರ

ತಲೆ ತಿಳಿಯಾಗಿದೆ. ಯಾವ ಅನುಮಾನವೂ ಇಲ್ಲ. ಕೊಳಾಯಿಯ ದೂರನ್ನು ಮುಗಿಸಿದರು. ನಿಧಾನ, ಆದರೆ ಮೂರೇ ತಪ್ಪು. ನನ್ನ ಲಿಖಿತ ಎಚ್ಚರಿಕೆಯ ಕಾಗದ ಎಲ್ಲೋ ಸಿಕ್ಕಿ ಅದರಲ್ಲೂ ಒಂದು ವ್ಯಾಕರಣದ ತಪ್ಪು ಹುಡುಕಿದರು. ಯಾತಕ್ಕೆ ಎಚ್ಚರಿಕೆ ಎಂದರೆ, ಒಂದು ಸ್ಲೈಡು ತಡವಾಯಿತು ಅಂದೆ.

ಕಾಲು ಹಾಗೇ ಇದೆ. ಕೋಲು ಬೇಕು. ಮೆಟ್ಟಿಲಿಳಿಯಲು ಒಬ್ಬರು ಬೇಕು. ಕಣಕಾಲಿಗೆ ಈಗ ಸ್ವಲ್ಪ ಗುಂಯ್ ತಿಳಿಯುತ್ತದೆ, ಪಾದಕ್ಕೆ ಇಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದರು, "ಆ ಪೆಟ್ಟಿಗೇಲಿ ನನ್ನ ಸ್ವೆಟರ್ ಯಾಕಿದೆ?"

ಮಂಚದ ಕೆಳಗೆ ತಳ್ಳಿದ್ದನ್ನು ಬಿಚ್ಚಿಡಲು ಮರೆತಿದ್ದೆ. ಆಮೇಲೆ ಹೇಳ್ತೀನಿ ಅಂದೆ. "ಸರಿ" ಅಂದರು. ಮೂವತ್ತೊಂದು ವರ್ಷ ಸಾಕ್ಷಿಗಳ ಮಾತು ಟೈಪ್ ಮಾಡಿದವರು. ಆಮೇಲೆ ಹೇಳ್ತೀನಿ ಎನ್ನುವವರನ್ನು ಎಷ್ಟು ಜನರನ್ನು ನೋಡಿದ್ದಾರೋ.

ಏಪ್ರಿಲ್ 20, ಭಾನುವಾರ

ಹೇಳಿದೆ.

ಕಾಫಿ ಲೋಟ ಮುಂದಿಟ್ಟು, ಎದುರು ಕೂತು, ಮಾತ್ರೆಯಿಂದ ಶುರುಮಾಡಿದೆ. ಅದನ್ನು ಕೈಬೀಸಿ ತಳ್ಳಿಹಾಕಿದರು. "ಒಳ್ಳೇದಕ್ಕೆ ಅಂತ ಕೊಟ್ಟೆ. ನಾನೂ ನುಂಗಿದೆ." ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸ್ಲೈಡು, ಡ್ರಾಯರು, ಆರೈಕೆ ಮನೆ, ಪೆಟ್ಟಿಗೆ ಎಲ್ಲ ಹೇಳಿದೆ.

ಅವರು ಲೋಟ ಮುಟ್ಟಲಿಲ್ಲ.

"ಎಷ್ಟು ದಿನ?"

"ಆರು."

"ಆ ಆರು ದಿನದಲ್ಲಿ ನನ್ನ ಕಾಲಲ್ಲಿ ಎಷ್ಟು ಹೋಯ್ತು?"

"ಗೊತ್ತಿಲ್ಲ ಅತ್ತೆ. ಹದಿನಾಲ್ಕು ತಿಂಗಳಲ್ಲಿ ಹೋಗಿದ್ದೇ ಹೆಚ್ಚು. ಆರು ದಿನದ್ದು ಎಷ್ಟು ಅಂತ ಯಾರಿಗೂ ಹೇಳೋಕಾಗಲ್ಲ."

"ಹೆದರಿಕೆಗೆ ಸುಮ್ಮನಿದ್ಯಾ, ಇಲ್ಲ ನಾನು ಹೋಗ್ಲಿ ಅಂತಾನಾ?"

ಹೆದರಿಕೆಗೆ ಅನ್ನಬಹುದಿತ್ತು. ಅದೂ ನಿಜವೇ.

"ಎರಡೂ" ಅಂದೆ.

ಕೋಲು ತೆಗೆದುಕೊಂಡು ಎದ್ದರು. ಹಿಡಿಯಲು ಹೋದೆ. "ಬೇಡ" ಅಂದರು. ಕೋಣೆಯ ಬಾಗಿಲವರೆಗೆ ಹನ್ನೊಂದು ಹೆಜ್ಜೆ. ನಾನು ಕೂತಲ್ಲೇ ಕೂತು ಪ್ರತಿಯೊಂದನ್ನೂ ನೋಡಿದೆ.

ಏಪ್ರಿಲ್ 24, ಗುರುವಾರ

ಮಾತಿಲ್ಲ. ಈ ತಿಂಗಳ ಇಂಜೆಕ್ಷನ್‌ಗೆ ಕೆಳಗಿನ ಮನೆಯಾಕೆಯ ಜೊತೆ ಹೋದರು. ಕಿಟಕಿಯಿಂದ ನನಗೆ ಕಾಣಿಸಿದರು. ನನ್ನನ್ನು ನೋಡಿಯೂ ಮುಂದೆ ಹೋದರು.

ಏಪ್ರಿಲ್ 30, ಬುಧವಾರ

ಇವರಿಗೂ ನಾನೇ ಹೇಳಿದೆ. ಅಮ್ಮ ಏನೂ ಹೇಳಿರಲಿಲ್ಲ, ಕಾಲು ಸ್ವಲ್ಪ ಮಂದ ಅಂದಿದ್ದರಂತೆ ಅಷ್ಟೆ. ಕೇಳಿದವರು, "ನನ್ನ ಹತ್ರ ಹೇಳ್ಬಹುದಿತ್ತಲ್ಲ ನೀನು, ಸುಸ್ತಾಗಿದೆ ಅಂತ" ಅಂದರು. ಬಯ್ಯುತ್ತಾರೆ ಎಂದು ಸಿದ್ಧವಾಗಿದ್ದೆ, ಇದಕ್ಕೆ ಸಿದ್ಧವಾಗಿರಲಿಲ್ಲ. ಆಮೇಲೆ, "ಅಮ್ಮನ ಪಾದಕ್ಕೆ ಇನ್ನು ಏನೂ ಗೊತ್ತಾಗಲ್ವಾ?" ಅಂದರು. ಗೊತ್ತಾಗದೆ ಇರಬಹುದು ಅಂದೆ. ಅವರು ಫೋನ್ ಇಟ್ಟುಬಿಟ್ಟರು.

ಮೇಡಂ ಸ್ಲೈಡಿನ ಮೇಜಿಗೆ ವಾಪಸ್ ಕರೆದರು. ಬೆಳಗಿನ ಎರಡು ಗಂಟೆ ಕಿಟಕಿಯಲ್ಲೇ ಇರುತ್ತೇನೆ ಅಂದೆ. ಯಾಕೆ ಅಂದರು. ಅಲ್ಲಿ ಯಾರಾದರೂ ಬೇಕಲ್ಲ ಅಂದೆ.

ಮೇ 8, ಗುರುವಾರ

ಸ್ನಾನದ ಬಿಸಿನೀರಿಗೆ ಕಾಲಿಟ್ಟು ಸುಟ್ಟುಕೊಂಡರು. ಸುಟ್ಟದ್ದು ಅವರಿಗೆ ತಿಳಿಯಲಿಲ್ಲ. ಬೊಬ್ಬೆ ಕಂಡದ್ದು ನನಗೆ. ಕಾಲು ಎಳೆದುಕೊಳ್ಳಲಿಲ್ಲ, ಮುಲಾಮು ಹಚ್ಚಲು ಬಿಟ್ಟರು. ಗೋಡೆ ನೋಡುತ್ತಿದ್ದರು. ಇನ್ನು ಮೇಲೆ ದಿನಾ ಪಾದ ನೋಡಬೇಕು, ನೀರಿಗೆ ಮೊದಲು ನನ್ನ ಕೈ ಹಾಕಬೇಕು ಅಂದೆ. ಬೇಡ ಅನ್ನಲಿಲ್ಲ.

ಮೇ 22, ಗುರುವಾರ

ಇಂಜೆಕ್ಷನ್ ದಿನ. ಬಿಸಿಲು ಜೋರಾಗಿತ್ತು. ಕೆಳಗಿನ ಮನೆಯಾಕೆ ಬಂದು ಕರೆದಾಗ ಅತ್ತೆ, "ಇವತ್ತು ಬರಲ್ಲ" ಅಂದು ಕಳಿಸಿದರು.

ನಾನು ಕೆಲಸಕ್ಕೆ ಹೊರಡುವವಳು ಚೀಲ ಇಟ್ಟು ನಿಂತೆ. ಮೇಜಿನ ಮೇಲೆ ಇಂಜೆಕ್ಷನ್‌ನ ಪೊಟ್ಟಣ, ಹೊಸ ಸಿರಿಂಜು, ಹತ್ತಿ. ಹೋದ ವಾರ ವಾರ್ಡಿನ ಡಾಕ್ಟರ ಹತ್ತಿರ ತಾವೇ ಕೇಳಿ ಬರೆಸಿಕೊಂಡು ಬಂದಿದ್ದಾರೆ, ಮನೆಯಲ್ಲೇ ಹಾಕಿಸಿಕೊಳ್ಳಬಹುದು ಎಂದು.

"ಆ ನರ್ಸಮ್ಮನ ಕೈ ಭಾರ. ಎರಡು ದಿನ ತೋಳು ಎತ್ತೋಕಾಗಲ್ಲ" ಅಂದರು. ಒಂದು ತಿಂಗಳಲ್ಲಿ ನನ್ನೊಡನೆ ಆಡಿದ ಅತಿ ಉದ್ದದ ಮಾತು. "ನೀನು ಹಾಕ್ತೀಯಾ?"

"ಹಾಕ್ತೀನಿ."

ಕೈ ತೊಳೆದು ಬಂದೆ. ಸೀಸೆಯ ಕುತ್ತಿಗೆ ಮುರಿಯಲು ಹೋದಾಗ ಕೋಲನ್ನು ಅಡ್ಡ ಚಾಚಿದರು.

"ನಿಲ್ಲು. ಮೊದಲು ಅದರ ಮೇಲೆ ಏನು ಬರೆದಿದೆ ಅಂತ ಓದು. ಗಟ್ಟಿಯಾಗಿ."

ಹೆಸರು ಓದಿದೆ.

"ಎಷ್ಟು ಅಂತ?"

ಪ್ರಮಾಣ ಓದಿದೆ.

"ನಾನು ನಿನ್ನನ್ನ ಕ್ಷಮಿಸಿದೀನಿ ಅಂದ್ಕೊಬೇಡ" ಅಂದರು. "ಅದು ನನಗೇ ಇನ್ನೂ ಗೊತ್ತಿಲ್ಲ. ಆದ್ರೆ ಇದು ಸಾಯೋವರೆಗೂ ಬೇಕಂತೆ. ಪ್ರತಿ ತಿಂಗಳೂ ಓದಿ ಹೇಳಿ ಆಮೇಲೆ ಹಾಕ್ಬೇಕು. ಒಪ್ಪಿಗೆ ಇದ್ರೆ ಹಾಕು."

"ಒಪ್ಪಿಗೆ ಅತ್ತೆ."

"ಕೆಳಗೆ ಸಣ್ಣ ಅಕ್ಷರದಲ್ಲೂ ಏನೋ ಇದೆ."

ಕನ್ನಡಕ ಹಾಕಿಕೊಂಡು ಅದನ್ನೂ ಓದಿದೆ, ಅವಧಿ ಮುಗಿಯುವ ತಿಂಗಳಿನವರೆಗೆ, ಒಂದಕ್ಷರ ಬಿಡದೆ. ಆಗ ತೋಳಿನ ಬಟ್ಟೆ ಮೇಲೆತ್ತಿ ಮುಂದೆ ಚಾಚಿದರು.